ಕಂಬಳಿಯ ಕೆಳಗೆ ಹೇಳಿದ ಲೆಕ್ಕ

ಜಮಖಂಡಿಯ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷದ ಹಾಜರಿ ಕರೆಯುವಾಗ ಮರೆವ್ವ ಎಂಬ ಹೆಸರು ಬಂದರೆ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಕುರಿಮರಿಯಂತೆ ಕೂಗುತ್ತಿದ್ದರು. ಅವಳು "ಹಾಜರ್ ಸರ್" ಎಂದು ಕುಳಿತುಕೊಳ್ಳುತ್ತಿದ್ದಳು. ತಿರುಗಿ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ನನಗೇ ಒಂದು ದಿನ ತಡೆಯಲಾಗಲಿಲ್ಲ.

"ಹತ್ತನೇತ್ತಾ ಪರೀಕ್ಷಾ ಕಟ್ಟುವಾಗ ಹೆಸರರೆ ಬದ್ಲಿ ಮಾಡಸ್ಕೊಬೇಕಿತ್ತಲ್ಲ ಬೇ," ಎಂದೆ.

"ನಮ್ಮ ಆಯಿ, ಅಪ್ಪನ ಅವ್ವನ ಹೆಸರದು," ಎಂದಳು. "ಅಕಿ ಇದ್ದಿದ್ರ ಇವರಿಗೆಲ್ಲ ಕುರಿ ಹೊಡಿಯೂ ಬಡಿಗಿಲೇ ಹೊಡಿತಿದ್ಲು. ನಾ ಬಿ.ಎ. ಓದಾಕತ್ತೇನಿ, ಸುಮ್ನ ಇರಬೇಕು."

ಅವಳದು ಬೀಳಗಿ ತಾಲೂಕಿನ ಗಲಗಲಿ. ಕುರಿ ಸಾಕುವ ಮನೆತನ, ಬೀರೇಶ್ವರನಿಗೆ ನಡೆದುಕೊಳ್ಳುವವರು. ಅಜ್ಜ ಹೊಳಬಸಪ್ಪ ವರ್ಷದ ಬಹುಪಾಲು ಹಿಂಡಿನ ಹಿಂದೆಯೇ ಇರುತ್ತಿದ್ದರು. ತಂದೆ ರೇವಪ್ಪ ಹೊಳೆಯ ಕಡೆಯ ಒಂದು ತುಂಡು ಹೊಲದಲ್ಲಿ ಕಬ್ಬು ಹಚ್ಚಿಕೊಂಡು, ನಡುನಡುವೆ ಹಿಂಡಿಗೂ ಹೋಗಿ ಬರುತ್ತಿದ್ದರು. ಆ ಮನೆಯಲ್ಲಿ ಕಾಲೇಜು ಕಂಡವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಹಿಪ್ಪರಗಿಯ ನಮ್ಮ ಮನೆಯದೂ ಅದೇ ಕಥೆ. ಸೆಮಿಸ್ಟರ್ ಎಂದರೇನು, ಯಾವ ವಿಷಯ ತೆಗೆದುಕೊಂಡರೆ ಮುಂದೆ ಏನಾಗಬಹುದು ಎಂದು ಕೇಳಲು ಇಬ್ಬರಿಗೂ ಮನೆಯಲ್ಲಿ ಜನ ಇರಲಿಲ್ಲವಾದ್ದರಿಂದ ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದೆವು. ಇಬ್ಬರಿಗೂ ಗೊತ್ತಿರುತ್ತಿರಲಿಲ್ಲ.

ಅರ್ಥಶಾಸ್ತ್ರವನ್ನು ಅವಳು ಆರಿಸಿಕೊಂಡದ್ದು ಗಲಗಲಿಯ ಬಸ್ಸು ಜಮಖಂಡಿ ಮುಟ್ಟುವ ಹೊತ್ತಿಗೆ ಆ ತರಗತಿ ಶುರುವಾಗುತ್ತಿತ್ತು ಎಂಬ ಕಾರಣಕ್ಕೆ. ಆಮೇಲೆ ಅದು ಅವಳನ್ನು ಹಿಡಿದುಕೊಂಡಿತು. ಗುರುಸಿದ್ದ ಸರ್ ಬಂಡವಾಳದ ಪಾಠ ಮಾಡುತ್ತಿದ್ದ ದಿನ ಅವಳು ಎದ್ದು ನಿಂತು, "ಸರ್, ಕುರಿ ಬಂಡವಾಳ ಏನ್ರಿ, ಸರಕ ಏನ್ರಿ?" ಎಂದು ಕೇಳಿದಳು. ಇಡೀ ತರಗತಿ ನಕ್ಕಿತು. ಅವಳು ನಗು ಮುಗಿಯುವವರೆಗೆ ನಿಂತಿದ್ದು, "ಕೊಯ್ಲಾದ ಮ್ಯಾಲ ಹೊಲದಾಗ ಹಿಂಡು ಕುಂದರಸ್ತಾರರಿ. ಹಿಕ್ಕಿ ಬಿದ್ದ ಹೊಲದಾಗ ಮುಂದಿನ ವರ್ಷ ಜ್ವಾಳ ಹೆಚ್ಚ ಬರ್ತೈತಿ. ಆ ಹೆಚ್ಚಿನ ಜ್ವಾಳದಾಗ ಕುರಿದು ಎಷ್ಟು ಪಾಲು ಅಂತ ಹೆಂಗ ತಗೀಬೇಕ್ರಿ?" ಎಂದಳು.

"ಪರೀಕ್ಷಾಕ್ಕ ಬರಂಗಿಲ್ಲ ಅದು, ಕುಂದ್ರು," ಎಂದರು ಸರ್. ಆದರೆ ತರಗತಿ ಮುಗಿದ ಮೇಲೆ ಅವಳನ್ನು ಕರೆದು, ಧಾರವಾಡಕ್ಕೆ ಹೋಗಿ ಎಂ.ಎ. ಮಾಡಬೇಕು ನೀನು ಎಂದು ಹೇಳಿದರು. ಆ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಮನೆಯಲ್ಲಿ ಹೇಳಿದಾಗ ರೇವಪ್ಪ ಕೂಗಾಡಲಿಲ್ಲ. "ಧಾರವಾಡದಾಗ ಒಂದು ಕೆಲಸ ಹಿಡಿ. ಕೆಲಸದ ಜೋಡಿ ಓದ್ತೇನಿ ಅಂದ್ರ ಹೋಗು. ಬರೇ ಓದಾಕ ಕಳಸೂದು ನನ್ನ ಕೈಲಿಂದ ಆಗಂಗಿಲ್ಲ ಮಗಳ," ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅಂದಿನಿಂದ ಅವಳಿಗೆ ಎಂ.ಎ. ಎಂದರೆ ಧಾರವಾಡದಲ್ಲೊಂದು ಕೆಲಸ, ಕೆಲಸ ಎಂದರೆ ಎಂ.ಎ.; ಎರಡೂ ಒಂದೇ ಬಾಗಿಲಾಯಿತು.

ಆ ಬಾಗಿಲು ಇಂಟರ್ನ್‌ಶಿಪ್‌ನಿಂದ ತೆರೆಯುತ್ತದೆ ಎಂದು ಕಾಲೇಜಿನಲ್ಲಿ ಹೇಳುತ್ತಿದ್ದರು. ಎರಡನೇ ವರ್ಷದ ರಜೆಯಲ್ಲಿ ನಮ್ಮಿಬ್ಬರನ್ನೂ ರಬಕವಿಯ ಒಬ್ಬ ಸೀರೆ ವ್ಯಾಪಾರಿಯ ಹತ್ತಿರ ಕಳಿಸಿದರು. ಮಾರುಕಟ್ಟೆಯ ಅಧ್ಯಯನ ಮಾಡಬೇಕೆಂದು ಪತ್ರದಲ್ಲಿತ್ತು. ಸಾವುಕಾರರು ಪತ್ರವನ್ನು ಪೂರ್ತಿ ಓದಿ, ಮಡಚಿ, "ಅರ್ಥಶಾಸ್ತ್ರ ಏನ್ರವಾ? ಛಲೋ ಆತು. ಈ ಸೀರಿ ಮಡಚ್ರಿ," ಎಂದರು. ಒಂದು ವಾರ ಮಡಚಿದೆವು. ಎರಡನೇ ವಾರ ಪಾವರ್‌ಲೂಮಿನ ಸೀರೆಗಳಿಗೆ ಕೈಮಗ್ಗದ್ದೆಂಬ ಚೀಟಿ ಅಂಟಿಸಲು ಕೊಟ್ಟರು. ಮರೆವ್ವ ಚೀಟಿಗಳನ್ನು ಕೈಯಲ್ಲಿ ಹಿಡಿದು, "ಇವು ಬನಹಟ್ಟಿ ಪಾವರ್‌ಲೂಮಿನ್ಯಾಗ ನೇದವು ಅಲ್ರಿ?" ಎಂದು ಕೇಳಿದಳು.

"ಹೌದು. ಮತ್ತ ನೇದವ್ರಿಗೂ ಕೈ ಅದಾವಲ್ಲ," ಎಂದರು ಸಾವುಕಾರರು. ಅಂಗಡಿಯವರೆಲ್ಲ ನಕ್ಕರು. ಅವಳು ಚೀಟಿ ಅಂಟಿಸಲಿಲ್ಲ. ಮತ್ತೆ ಮಡಚಲು ಹೋದಳು. ನನ್ನ ಪ್ರಮಾಣಪತ್ರದಲ್ಲಿ ಉತ್ತಮ ಎಂದು ಬರೆದಿತ್ತು. ಅವಳದರಲ್ಲಿ ಸಾಧಾರಣ ಎಂದಿತ್ತು.

ಕೊನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್ ಬೇರೆ ಥರದ್ದಾಗಿತ್ತು. ಕುರಿ, ಆಡುಗಳ ಲಸಿಕೆಯನ್ನು ಯಾವ ಊರಿಗೆ ಎಷ್ಟು ಕಳಿಸಬೇಕೆಂದು ತಿಳಿಯಲು ಸರ್ಕಾರ ಒಂದು ಸಂಸ್ಥೆಗೆ ಸಮೀಕ್ಷೆ ವಹಿಸಿತ್ತು. ಅದರ ಶಾಖೆ ಧಾರವಾಡದಲ್ಲಿ. ಬೀಳಗಿ, ಮುಧೋಳ ತಾಲೂಕುಗಳಲ್ಲಿ ಮನೆಮನೆಗೆ ಹೋಗಲು ನಮ್ಮ ಕಾಲೇಜಿನಿಂದ ಕೆಲವರನ್ನು ಆರಿಸಿದರು. ನಮ್ಮ ಮೇಲ್ವಿಚಾರಕರಾಗಿ ಬಂದ ಪ್ರೇಮಕುಮಾರ್ ಮುಧೋಳದವರೇ; ಅವರ ಮನೆಯಲ್ಲಿ ಅಜ್ಜನ ಕಾಲದಿಂದಲೂ ಎಲ್ಲರೂ ನೌಕರಿಯವರು. ಒಳ್ಳೆಯ ಮನುಷ್ಯ. ಎಲ್ಲರಿಗೂ ಒಂದೊಂದು ಟ್ಯಾಬ್ ಕೊಟ್ಟು, "ಛಲೋ ಕೆಲಸ ಮಾಡಿದವ್ರ ಒಬ್ಬರನ್ನ ಧಾರವಾಡ ಆಫೀಸಿಗೆ ತಗೋತಾರ. ಸಂಜಿಮುಂದ ಎಂ.ಎ. ಓದ್ಕೋತ ಇರಬಹುದು," ಎಂದರು. ಮರೆವ್ವ ನನ್ನ ಮೊಣಕೈ ಹಿಡಿದುಕೊಂಡಳು. ಬಿಡುವಾಗ ಅಲ್ಲಿ ಉಗುರಿನ ಗುರುತು ಮೂಡಿತ್ತು.

ಟ್ಯಾಬಿನ ಮೊದಲ ಪ್ರಶ್ನೆಯೇ, ನಿಮ್ಮಲ್ಲಿ ಕುರಿ ಎಷ್ಟಿವೆ?

ನಮ್ಮ ಕಡೆಯ ಕುರಿಗಾರರು ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಲೆಕ್ಕ ಬಾಯಿಂದ ಬಂದರೆ ಹಿಂಡಿಗೆ ದೃಷ್ಟಿ ತಾಗುತ್ತದೆ, ಹೇಳಿದಷ್ಟು ಉಳಿಯುವುದಿಲ್ಲ ಎಂಬ ನಂಬಿಕೆ. ಬೀರಪ್ಪ ಕೊಟ್ಟಷ್ಟು ಅದಾವ ಎನ್ನುತ್ತಾರೆ. ಬಹಳ ಒತ್ತಾಯ ಮಾಡಿದರೆ ಹತ್ತೋ ಹನ್ನೆರಡೋ ಎಂದು ಬಿಡುತ್ತಾರೆ. ಹಾಗೆ ಹೇಳುವವರ ಬೆನ್ನ ಹಿಂದೆ ಒಂದು ಹೊಲ ಪೂರ್ತಿ ಬಿಳಿ ಕರಿಯಾಗಿ ಹಿಂಡು ಮೇಯುತ್ತಿರುತ್ತದೆ.

ನಮ್ಮ ಜೊತೆಗಿದ್ದ ಪರಮೇಶನಿಗೆ ಇದು ಬಹಳ ಅನುಕೂಲವಾಯಿತು. "ಅವ್ರ ಹನ್ನೆರಡ ಅಂತಾರ, ನಾ ಹನ್ನೆರಡ ಒತ್ತತೇನಿ. ಅವ್ರಿಗೂ ಪುಣ್ಯ, ನನಗೂ ಪುಣ್ಯ," ಎನ್ನುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಾವೆಲ್ಲರೂ ಹಾಗೆಯೇ ಒತ್ತಿದ್ದೆವು.

ಮರೆವ್ವ ಮಾತ್ರ ಒತ್ತಲಿಲ್ಲ. ಅವಳಿಗೆ ಆ ನಂಬಿಕೆಯೂ ಗೊತ್ತಿತ್ತು, ಲಸಿಕೆ ಲೆಕ್ಕದ ಪ್ರಕಾರವೇ ಬರುತ್ತದೆ ಎನ್ನುವುದೂ ಗೊತ್ತಿತ್ತು. ಕುರಿಯ ಮಾತೇ ಎತ್ತದೆ, ಹೋದ ಸುಗ್ಗಿಯಲ್ಲಿ ಯಾರ ಹೊಲದಲ್ಲಿ ಹಿಂಡು ಕೂರಿಸಿದಿರಿ, ಒಂದು ಎಕರೆ ಹೊಲಕ್ಕೆ ಎಷ್ಟು ರಾತ್ರಿ ಹಿಡಿಯಿತು ಎಂದು ಕೇಳುತ್ತ ಹೋದಳು. ಇದನ್ನು ಕುರಿಗಾರರು ಹೆಮ್ಮೆಯಿಂದ ಹೇಳುತ್ತಾರೆ. ಹೆಚ್ಚು ಕುರಿ ಇದ್ದರೆ ಕಡಿಮೆ ರಾತ್ರಿ ಸಾಕು. ಅದರಿಂದ ಹಿಂಡಿನ ಅಂದಾಜು ತೆಗೆದು, ತೆಗೆದ ರೀತಿಯನ್ನೂ ನಾಲ್ಕು ಪುಟ ಬರೆದು ಪ್ರೇಮಕುಮಾರರಿಗೆ ಕೊಟ್ಟಳು. ಮೂರು ವರ್ಷ ಓದಿದ ಅರ್ಥಶಾಸ್ತ್ರದಲ್ಲಿ ಅವಳು ಖುಷಿಯಿಂದ ಬರೆದದ್ದು ಅದೊಂದೇ ಎಂದು ನನ್ನ ಅನಿಸಿಕೆ.

ಪ್ರೇಮಕುಮಾರ್ ನಿಂತಲ್ಲೇ ಓದಿದರು. "ಭಾಳ ಚಂದ ಐತಿ ಮರೆವ್ವ. ಖರೇನ ಚಂದ ಐತಿ. ಆದ್ರ ಟ್ಯಾಬಿನ್ಯಾಗ ಅಂದಾಜಿಗೆ ಜಾಗ ಇಲ್ಲ. ಮನಿಯವ್ರು ತಾವ ಹೇಳಿದ ಸಂಖ್ಯೆ ಬೇಕು."

"ಅವ್ರು ಹೇಳಂಗಿಲ್ರಿ ಸರ್."

"ಉಳಿದವ್ರಿಗೆ ಹೇಳ್ಯಾರಲ್ಲ?"

"ಅದು ಸುಳ್ಳರಿ."

"ಹಂಗಾರ ನೀ ಖರೇದು ತಗೊಂಡ ಬಾ. ನಿಮ್ಮ ಮಂದೀನ ಅಲ್ಲ? ನಿನಗ ಹೇಳದ ಮತ್ಯಾರಿಗೆ ಹೇಳ್ತಾರ?" ಎಂದು, ದನಿ ತಗ್ಗಿಸಿ, "ತಂದ್ರ ಧಾರವಾಡದ ಕೆಲಸ ನಿಂದು ಅಂತ ತಿಳ್ಕೋ," ಎಂದರು.

ಆಗ ಹೊಳಬಸಪ್ಪನವರ ಹಿಂಡು ಮುಧೋಳದ ರಸ್ತೆಯಲ್ಲಿ ಕಬ್ಬು ಕಡಿದ ಒಂದು ಹೊಲದಲ್ಲಿ ಬಿಡಾರ ಮಾಡಿತ್ತು. ಮರೆವ್ವ ಒಬ್ಬಳೇ ಹೋಗಲು ಅಂಜಿ ನನ್ನನ್ನೂ ಕರೆದುಕೊಂಡು ಹೋದಳು. ಸಂಜೆ ಕುರಿಗಳು ಮೇವು ಮುಗಿಸಿ ಬರುವ ಹೊತ್ತು. ನೆಲದಲ್ಲಿ ಗೂಟ ಹೊಡೆದು ಬಲೆ ಕಟ್ಟಿದ ದೊಡ್ಡಿಗೆ ಅವು ನುಗ್ಗುತ್ತಿದ್ದವು. ಮರಿಗಳು ತಾಯಿಯನ್ನು ಹುಡುಕಿ ಕಿರುಚುವ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಸದ್ದು ಇಳಿಯುವ ತನಕ ಅಜ್ಜ ಏನೂ ಕೇಳಲಿಲ್ಲ. ನಮಗೆ ಹಾಲು ಕಾಸಿ ಕೊಟ್ಟ ಮೇಲೆ, "ಅಪ್ಪ ಆರಾಮ ಅದಾನ? ಮತ್ಯಾಕ ಬಂದಿ ಯವ್ವಾ, ಇಷ್ಟು ದೂರ?" ಎಂದರು.

ಅವಳು ಸುತ್ತಿಬಳಸಲಿಲ್ಲ. "ಮುತ್ಯಾ, ಕುರಿ ಎಷ್ಟ ಅದಾವ ಅಂತ ನೀ ನನಗ ಹೇಳಬೇಕು," ಎಂದಳು.

ಅಜ್ಜ ನಕ್ಕರು. "ನನ್ನ ಹೇಂತಿ ಮೂವತ್ತು ವರ್ಷ ಬಾಳೇ ಮಾಡಿ ಹೋದ್ಲು. ಅಕಿಗೇ ಹೇಳಿಲ್ಲ. ಅಕಿ ಹೆಸರಿಟ್ಕೊಂಡು ನೀ ಕೇಳಾಕ ಬಂದೀ ಏನು?"

"ಇದರ ಮ್ಯಾಲ ಸೂಜಿಮದ್ದು ಬರ್ತೈತಿ ಮುತ್ಯಾ. ಎಷ್ಟು ಕುರಿ ಅಂತ ಬರಸ್ತೇವೋ ಅಷ್ಟಕ್ಕ ಕಳಸ್ತಾರ."

"ಸೂಜಿಮದ್ದು ಬಂದಾಗ ಬರ್ಲಿ ಬಿಡು. ಸರ್ಕಾರದ್ದು ನಾ ಕಂಡೇನಿ." ಅವರು ಒಲೆಯ ಬೂದಿ ಕೆದರುತ್ತ, "ನಿನಗೇನ ಸಿಗ್ತೈತಿ ಇದರಾಗ? ಅದನ್ನ ಹೇಳು," ಎಂದರು.

"ಧಾರವಾಡದಾಗ ಕೆಲಸ. ಮುಂದಿನ ಓದು."

"ಖರೇನು?"

"ಖರೆ ಮುತ್ಯಾ. ಸಾಹೇಬ್ರು ಹೇಳ್ಯಾರ."

ಅಜ್ಜ ಎದ್ದು ಹೋಗಿ ಚೀಲದಿಂದ ಬೀರಪ್ಪನ ಅರಿಸಿನದ ಭಂಡಾರ ತಂದು ತಮ್ಮ ಹಣೆಗೂ ಅವಳ ಹಣೆಗೂ ಹಚ್ಚಿದರು. ಹೆಗಲ ಮೇಲಿನ ಕಂಬಳಿಯನ್ನು ಬಿಡಿಸಿ ಇಬ್ಬರ ತೊಡೆಯ ಮೇಲೆ ಹರಡಿ, ಅದರ ಕೆಳಗೆ ಅವಳ ಕೈ ಹಿಡಿದರು. ಸಂತೆಯಲ್ಲಿ ಕುರಿ ವ್ಯಾಪಾರ ಮಾಡುವವರು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರಲ್ಲ, ಹಾಗೆ. ಯಾವ ಬೆರಳು ಹಿಡಿದರು, ಎಷ್ಟು ಸಲ ಅದುಮಿದರು, ನನಗೆ ಕಾಣಲಿಲ್ಲ. ಅಜ್ಜ ದೊಡ್ಡಿಯ ಕಡೆ ನೋಡುತ್ತಿದ್ದರು. ಮರೆವ್ವನ ಕಣ್ಣು ದೊಡ್ಡದಾದದ್ದು ಮಾತ್ರ ಕಂಡಿತು.

"ಬಾಯಿಲೆ ನಾ ಏನೂ ಹೇಳಿಲ್ಲ," ಎಂದರು ಅಜ್ಜ, ಕಂಬಳಿ ಮಡಚುತ್ತ.

ಅಷ್ಟಕ್ಕೇ ಅವರು ನಿಲ್ಲಿಸಲಿಲ್ಲ. ಮರುದಿನದಿಂದ ಅವಳನ್ನು ಕರೆದುಕೊಂಡು ಸುತ್ತಿನ ಬಿಡಾರಗಳಿಗೆಲ್ಲ ಹೋದರು. ಲೋಕಾಪುರದ ಕಡೆ ಇದ್ದ ನಿಂಗಣ್ಣ ಎಂಬ ಕುರಿಗಾರ, "ಹೊಳಬಸಪ್ಪಣ್ಣ, ನೀ ಹಿರ್ಯಾ ಆಗಿ ಇಂಥಾದ್ದು ಮಾಡಸ್ತಿ?" ಎಂದು ಮುಖ ತಿರುಗಿಸಿದ್ದನಂತೆ. "ಹುಡುಗಿ ಕಲ್ತಾಳೋ. ನಮ್ಮ ಮಂದ್ಯಾಗ ಒಂದು ಹುಡುಗಿ ಕಲ್ತಾಳ. ಪಾಪ ಬಂದ್ರ ನನಗ ಬರ್ಲಿ, ಕೈ ಕೊಡು," ಎಂದು ಅಜ್ಜ ಒಪ್ಪಿಸಿದರಂತೆ. ಹೀಗೆ ಒಬ್ಬೊಬ್ಬರಾಗಿ ಎಲ್ಲರೂ ಕಂಬಳಿಯ ಕೆಳಗೆ ಕೈ ಕೊಟ್ಟರು. ಅವಳ ಟ್ಯಾಬಿನಲ್ಲಿ ಗಲಗಲಿ ಸೀಮೆಯ ಕುರಿಗಳ ನಿಜವಾದ ಲೆಕ್ಕ ಇತ್ತು. ಬಹುಶಃ ಬೇರೆ ಯಾರ ಹತ್ತಿರವೂ ಹಿಂದೆಂದೂ ಇರಲಿಲ್ಲ. ಹೊಳಬಸಪ್ಪನವರ ಸಂಖ್ಯೆಯನ್ನು ಅವಳು ನನಗೂ ಹೇಳಿಲ್ಲ, ನಾನು ಕೇಳಿಯೂ ಇಲ್ಲ.

ಪರೀಕ್ಷೆಗಳು ಮುಗಿದ ವಾರ ಪ್ರೇಮಕುಮಾರ್ ಅವಳನ್ನು ಬರಹೇಳಿದರು. ಕಾಲೇಜಿನ ಸೈಕಲ್ ನಿಲ್ಲಿಸುವ ಶೆಡ್ಡಿನ ಹತ್ತಿರ ನಿಂತು ಮಾತಾಡಿದರು. ಕುರ್ಚಿ ಹಾಕಿ ಕೂರಿಸಿ ಹೇಳುವಂಥ ವಿಷಯವಲ್ಲ ಅದು ಎಂದು ಅವರಿಗೇ ಅನಿಸಿರಬೇಕು.

"ನಿನ್ನ ಸಂಖ್ಯೆ ಹೆಡ್ ಆಫೀಸಿನವ್ರು ತಗೊಂಡಿಲ್ಲ," ಎಂದರು. "ಉಳಿದವ್ರದು ಎಲ್ಲ ಒಂದ ನಮೂನಿ ಬಂದಾವ, ನಿಂದ ಒಬ್ಬಾಕಿದ ಎಷ್ಟೋ ಪಟ್ಟು ಹೆಚ್ಚು. ತಮ್ಮ ಮಂದಿಗೆ ಹೆಚ್ಚು ಸಿಗಲಿ ಅಂತ ಹುಡುಗಿ ಏರಿಸಿ ಬರದಾಳ ಅಂತಾರ."

"ನೀವ ಹೇಳಿದ್ರಲ್ರಿ, ನಿಮ್ಮ ಮಂದಿ, ನಿನಗ ಹೇಳ್ತಾರ ಅಂತ."

"ನಾ ಹೇಳಿದ್ದೆ. ಅವ್ರು ಅದಕ್ಕ ಅಂತಾರ, ಸ್ವಂತ ಮಂದಿ ಮನಿಗೆ ಅಕೀನ ಯಾಕ ಕಳಸಿದ್ರಿ ಅಂತ."

"ಮತ್ತ ಈಗ ನಮ್ಮೂರ ಸಂಖ್ಯೆ ಏನ್ ಹಾಕ್ಯಾರ್ರಿ?"

"ಉಳಿದವ್ರ ಸರಾಸರಿ."

ಧಾರವಾಡದ ಕೆಲಸ ಪರಮೇಶನಿಗೆ ಸಿಕ್ಕಿತು. ಅವನು ತುಂಬಿದ್ದರಲ್ಲಿ ಒಂದೂ ತಪ್ಪಿರಲಿಲ್ಲವಂತೆ. ಆದೇಶ ಬಂದ ದಿನ ಜಮಖಂಡಿಯಲ್ಲಿ ನಮಗೆಲ್ಲ ಪೇಢೆ ಕೊಡಿಸಿದ. ಮರೆವ್ವ ಒಂದು ಪೇಢೆ ತೆಗೆದುಕೊಂಡು, ಪೂರ್ತಿ ತಿಂದು, ಕೈ ಒರೆಸಿಕೊಂಡು, "ಛಲೋ ಆತು ಪರಮ್ಯಾ, ಸಂಜಿಮುಂದ ಓದ್ಕೊ," ಎಂದಳು. ಅವನು ಓದಲು ಸೇರಲೇ ಇಲ್ಲ. ಸೇರಬೇಕೆಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ.

ಅವಳು ಮುಧೋಳದಲ್ಲಿ ದನಕರುಗಳ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಈ ವರ್ಷ ಇರಲಿ, ಮುಂದಿನ ವರ್ಷ ಧಾರವಾಡ ಎನ್ನುತ್ತಿದ್ದಳು. ಅಜ್ಜನಿಗೆ ಮಾತ್ರ, ಧಾರವಾಡದ ಕೆಲಸ ತಡ ಆಗೈತಿ, ಕರೀತಾರ ಎಂದು ಹೇಳಿದ್ದಳು. ತಂದೆ ರೇವಪ್ಪನಿಗೆ ನಿಜ ಗೊತ್ತಿತ್ತು. ಅವರೂ ಮುದುಕನಿಗೆ ಹೇಳಲಿಲ್ಲ.

ಮರು ವರ್ಷದ ಮಳೆಗಾಲದಲ್ಲಿ ಗಲಗಲಿಗೆ ಲಸಿಕೆ ಬಂತು. ಸುತ್ತಿನ ಹಿಂಡುಗಳೆಲ್ಲ ಊರ ಹೊರಗಿನ ಬಯಲಿಗೆ ಬಂದಿದ್ದವು. ಅಂದು ಅಂಗಡಿಗೆ ರಜೆ ಹಾಕಿ ಮರೆವ್ವಳೂ ಹೋಗಿದ್ದಳು. ಸೂಜಿ ಹಾಕುವವರು ಮೊದಲು ಬಂದ ಹಿಂಡನ್ನು ಮುಗಿಸುವಷ್ಟರಲ್ಲಿ ಮದ್ದಿನ ಡಬ್ಬಿ ಖಾಲಿಯಾಯಿತು. ಹಿಂದೆ ಹಿಂಡುಗಳು ಕಾಯುತ್ತಲೇ ಇದ್ದವು.

"ನಿಮ್ಮೂರ ಪಾಲಿಂದು ಇಷ್ಟ," ಎಂದು ಡಬ್ಬಿ ಮುಚ್ಚಿದ ಕಾಂಪೌಂಡರ್. "ನೀವ ಬರಿಸಿದ್ದಲ್ಲೋ ಮಾರಾಯಾ, ಇಷ್ಟ ಕುರಿ ಅದಾವ ಅಂತ. ನಮ್ಮನ್ಯಾಕ ಬೈತೀರಿ?"

ಹೊಳಬಸಪ್ಪನವರ ಹಿಂಡು ಕೊನೆಯಲ್ಲಿತ್ತು. ಹಿರಿಯರೆಂದು ಅವರು ಉಳಿದವರನ್ನು ಮುಂದೆ ಬಿಟ್ಟಿದ್ದರು.

ತಿಂಗಳೊಳಗೆ ಹಿರೇಬ್ಯಾನಿ ಬಂತು, ಆ ಸೂಜಿಮದ್ದು ತಡೆಯಬೇಕಿದ್ದ ಕುರಿಗಳ ರೋಗ. ಮೂಗು ಸುರಿಯುತ್ತ, ಬಾಯಿ ಹುಣ್ಣಾಗಿ, ಮೇವು ಬಿಟ್ಟು ಕುರಿಗಳು ನಿಂತಲ್ಲೇ ಕುಸಿದವು. ಮರೆವ್ವ ಅಂಗಡಿಯಿಂದ ಔಷಧಿ ಒಯ್ದಳು, ರೋಗ ಹಿಡಿದ ಮೇಲೆ ಅದು ಅಷ್ಟಾಗಿ ತಾಗುವುದಿಲ್ಲ. ಹಳ್ಳದ ದಂಡೆಯಲ್ಲಿ ಗುಂಡಿ ತೋಡಿ ತೋಡಿ ರೇವಪ್ಪನ ಅಂಗೈ ಬೊಬ್ಬೆ ಎದ್ದಿತ್ತು.

ಬಿಡಾರಗಳಲ್ಲಿ ಮಾತು ಹುಟ್ಟಿತು: ಲೆಕ್ಕ ಹೇಳಿದ್ದಕ್ಕೆ ಹೋದವು. ಯಾರೂ ಮರೆವ್ವನ ಎದುರು ಹೇಳಲಿಲ್ಲ. ಹೊಳಬಸಪ್ಪನವರ ಎದುರು ಹೇಳಿದರು. ಪಾಪ ನನಗ ಬರ್ಲಿ ಅಂದಿದ್ದಿ, ಬಂತು ನೋಡು ಎಂದು ನಿಂಗಣ್ಣ ಹೇಳಿ, ತನ್ನ ಹಿಂಡನ್ನು ಬೇರೆ ದಾರಿಗೆ ತಿರುಗಿಸಿಕೊಂಡು ಹೋದ. ಮುದುಕ ಎದುರಾಡಲಿಲ್ಲ. ಅವರೂ ಹಾಗೆಯೇ ನಂಬಿದ್ದರು.

ಮರೆವ್ವನಿಗೆ ಗೊತ್ತಿದ್ದದ್ದು ಬೇರೆ. ಲೆಕ್ಕ ಹೇಳಿದ್ದಕ್ಕಲ್ಲ, ಹೇಳಿದ ಲೆಕ್ಕವನ್ನು ಎಸೆದದ್ದಕ್ಕೆ ಕುರಿಗಳು ಹೋಗಿದ್ದವು. ಇದನ್ನು ಅಜ್ಜನಿಗೆ ಹೇಳಬೇಕೆಂದು ಅವಳು ಎರಡು ಸಲ ಬಿಡಾರಕ್ಕೆ ಹೋಗಿ ಹೇಳದೆ ಬಂದಳು. "ಹೇಳಿದ್ರ ಏನಾಗ್ತೈತಿ ಹೇಳು ಭಾಗ್ಯಾ," ಎಂದಳು ನನ್ನ ಹತ್ತಿರ. "ಈಗರೆ ಮೊಮ್ಮಗಳ ಸಲವಾಗಿ ದೇವ್ರ ಸಿಟ್ಟು ತಗೊಂಡೆ ಅಂತ ಅಂದ್ಕೊಂಡಾನ. ನಿನ್ನ ಮಾತು ಯಾರೂ ಲೆಕ್ಕಕ್ಕ ತಗೊಳ್ಳಿಲ್ಲ ಮುತ್ಯಾ, ಧಾರವಾಡನೂ ಆಗ್ಲಿಲ್ಲ ಅಂತ ಹೇಳ್ಲೇನು?"

 

ಈ ವರ್ಷದ ಬೇಸಿಗೆಯಲ್ಲಿ ನಾನು ಮುಧೋಳಕ್ಕೆ ಹೋದಾಗ ಅವಳ ಅಂಗಡಿಯಲ್ಲಿ ಕೂತಿದ್ದೆ. ಅವಳು ಖನಿಜ ಪುಡಿ ತೂಗಿ ಕಟ್ಟುತ್ತಿದ್ದಳು. ಫೋನ್ ಬಂತು, ಕೈಗೆ ಪುಡಿ ಮೆತ್ತಿದ್ದರಿಂದ ಸ್ಪೀಕರ್‌ಗೆ ಹಾಕಿದಳು. ಪ್ರೇಮಕುಮಾರ್.

"ಮರೆವ್ವ, ನಿನ್ನ ಸಂಖ್ಯೆ ಖರೆ ಇದ್ವು," ಎಂದರು ಅವರು. "ಎಲ್ಲಾ ಊರಾಗ ಲಸಿಕೆ ಸಾಲದ ಗದ್ದಲ ಆಗೈತಿ. ನಿನ್ನ ಹಳೇವು ತಗದು ನೋಡ್ಯಾರ. ಎರಡನೇ ಸುತ್ತಿನ ಸಮೀಕ್ಷೆ ಐತಿ ಈಗ. ಧಾರವಾಡದ ಪೋಸ್ಟು, ಈ ಸಲ ಖಾಯಂ. ನಾನ ಹಟ ಹಿಡಿದು ನಿನ್ನ ಹೆಸರು ಹಾಕ್ಸೇನಿ."

ಅವಳ ಕೈ ತಕ್ಕಡಿಯ ಮೇಲೆ ನಿಂತಿತು. ಅವಳ ಮುಖ ನೋಡಲಾರದೆ ನಾನು ಕಪಾಟಿನ ಬಾಟಲಿಗಳನ್ನು ನೋಡಿದೆ.

"ಏನ್ ಕೆಲಸ್ರಿ ಸರ್?"

"ಅದ. ನೀ ಹೋದ ಸಲ ತಂದಿದ್ದೆಲ್ಲ, ಹಂಗ. ನಿಮ್ಮ ಮಂದಿ ಹತ್ರ ಹೋಗಿ ಈಗಿನ ಸಂಖ್ಯೆ ತರಬೇಕು. ನಿನ್ನ ಬಿಟ್ರ ಯಾರಿಗೂ ಹೇಳಂಗಿಲ್ಲ ಅವ್ರು."

"ಹೋಗಿ ಏನಂತ ಕೇಳ್ಲಿರಿ? ಸತ್ತವು ಬಿಟ್ಟು ಎಷ್ಟ ಉಳದಾವ ಅಂತ?"

"ನಿನ್ನ ಛಲೋದಕ್ಕ ಹೇಳಾಕತ್ತೇನಿ," ಎಂದರು ಅವರು. "ಎಂ.ಎ. ಮಾಡಬೇಕಂತಿದ್ದೆಲ್ಲ? ಇದಕ್ಕಿಂತ ಛಲೋ ದಾರಿ ಸಿಗಂಗಿಲ್ಲ."

"ಸಿಗಂಗಿಲ್ರಿ. ಗೊತ್ತೈತಿ."

"ಹಂಗಾರ ಬೇರೆಯವ್ರನ್ನ ಕಳಸಬೇಕಾಗ್ತೈತಿ. ಅವ್ರು ಮತ್ತ ಹನ್ನೆರಡ ಬರಕೊಂಡ ಬರ್ತಾರ. ಮತ್ತ ನಿಮ್ಮೂರಿಗೇ ಕಡಿಮಿ ಬೀಳ್ತೈತಿ ನೋಡು."

ಅವರು ಹೇಳಿದ್ದು ನಿಜ, ಅದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಮೊಣಕೈಯಿಂದ ಫೋನಿನ ಕೆಂಪು ಗುಂಡಿ ಒತ್ತಿದಳು.

"ಒಂದಿನ ವಿಚಾರ ಮಾಡಿ ಹೇಳಬೇಕಿತ್ತಲ್ಲ ಬೇ," ಎಂದೆ ನಾನು.

"ವಿಚಾರ ಮಾಡಿದ್ರ ಹೋಗಿಬಿಡ್ತೇನಿ," ಎಂದಳು ಮರೆವ್ವ. ಕಟ್ಟಿದ ಪುಡಿಯ ಚೀಲವನ್ನು ಒಳಗೆ ಇಡಲು ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಅಷ್ಟರಲ್ಲಿ ಬಂದ ಗಿರಾಕಿಗೆ ನಾನೇ ಕೂರಲು ಹೇಳಿದೆ.